ಊಟದ ಮೇಜಿನ ಬಳಿಯಲ್ಲೇ ಪೌರೋಹಿತ್ಯ!

ನಮ್ಮಲ್ಲಿ ಪೌರೋಹಿತ್ಯ ಮಾಡಬೇಕಾದರೆ ಉಪನಯನವಾಗಬೇಕು, ಗುರುಗಳ ಬಳಿ ವರ್ಷಗಟ್ಟಲೆ ಮಂತ್ರಪಾಠವಾಗಬೇಕು. ಇಗರ್ಜಿಯ ಪಾದ್ರಿಯಾಗಲು ಸೆಮಿನರಿಯಲ್ಲಿ ದೀರ್ಘಕಾಲದ ವಿದ್ಯಾಭ್ಯಾಸ ಬೇಕು. ಆದರೆ ಅಮೆರಿಕದಲ್ಲಿ ಮನೆಯಲ್ಲೇ ಕುಳಿತು, ಕಂಪ್ಯೂಟರಿನಲ್ಲಿ ಹೆಸರು ಮತ್ತು ವಿಳಾಸ ತುಂಬಿಸಿ, ಕೆಲವೇ ನಿಮಿಷಗಳಲ್ಲಿ 'ಮಿನಿಸ್ಟರ್', ಅರ್ಥಾತ್ ಧರ್ಮಗುರು ಆಗಬಹುದು. ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ಮುಂಬಯಿ ಕನ್ನಡಿಗರ ಮನೆಗಳಿಗೆ ಇದು ಈಗ ಕೇವಲ ದೂರದೇಶದ ಸುದ್ದಿಯಾಗಿ ಉಳಿದಿಲ್ಲ.

ಇದರ ಮೂಲ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಪಟ್ಟಣದಲ್ಲಿದೆ. ಓದು ಬರಹ ಬಾರದ ಕಿರ್ಬಿ ಹೆನ್ಸ್ಲಿ ಎಂಬ ಬೋಧಕರು 1959ರಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಚರ್ಚ್ ಆರಂಭಿಸಿದರು. 1962ರಲ್ಲಿ ಅದು 'ಯೂನಿವರ್ಸಲ್ ಲೈಫ್ ಚರ್ಚ್' ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಜಾತಿ, ಮತ, ಪರೀಕ್ಷೆ ಯಾವುದೂ ಬೇಡ, ಕೇಳಿದವರಿಗೆಲ್ಲ ದೀಕ್ಷೆ. ಸರಿಯಾದುದನ್ನು ಮಾತ್ರ ಮಾಡು ಎಂಬುದಷ್ಟೇ ಅದರ ತತ್ವ. ಮೊದಲು ಅಂಚೆಯ ಮೂಲಕ ನಡೆಯುತ್ತಿದ್ದ ಈ ಕಾರ್ಯ ಅಂತರ್ಜಾಲ ಬಂದ ಬಳಿಕ ಇನ್ನಷ್ಟು ಸುಲಭವಾಯಿತು. ಹೆನ್ಸ್ಲಿ 1999ರಲ್ಲಿ ತೀರಿಕೊಂಡರೂ ದೀಕ್ಷೆ ನಿಲ್ಲಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗ ಒಂದು ದಿನ ಫೋನಿನಲ್ಲಿ, "ಮಾವ, ನಾನು ಮಿನಿಸ್ಟರ್ ಆದೆ" ಎಂದ. "ಯಾವ ಪಕ್ಷದಿಂದ ಮಾರಾಯಾ?" ಎಂದು ಕೇಳಿದೆ. ರಾತ್ರಿ ಊಟವಾದ ಮೇಲೆ, ಪಾತ್ರೆಗಳು ಸಿಂಕಿನಲ್ಲಿರುವಾಗಲೇ, ಮಗಳ ಹೋಂವರ್ಕಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ದೀಕ್ಷೆ ಪಡೆದನಂತೆ. ಅವನ ಹೆಂಡತಿ, "ಭಟ್ರೇ, ಮೊದಲು ಕಸ ಹೊರಗಿಟ್ಟು ಬನ್ನಿ" ಎಂದಳಂತೆ!

ಆದರೆ ಕಾರಣ ತಮಾಷೆಯದ್ದಲ್ಲ. ಅವನ ಸಹೋದ್ಯೋಗಿ, ಠಾಣೆಯ ನಮ್ಮವರ ಹುಡುಗಿ, ಅಮೆರಿಕನ್ ಹುಡುಗನನ್ನು ಮದುವೆಯಾಗುವವಳಿದ್ದಳು. ಎರಡೂ ಕಡೆಯವರಿಗೆ ಅರ್ಥವಾಗುವಂತೆ, ಆಪ್ತನೊಬ್ಬ ನಿಂತು ಮದುವೆ ನಡೆಸಿಕೊಡಲಿ ಎಂಬುದು ಅವರ ಆಸೆ. ಹುಡುಗಿಯ ತಂದೆ ನನ್ನನ್ನು ಕೇಳಿದ್ದು ಒಂದೇ ಮಾತು: "ಇದು ಕಾನೂನಿನಲ್ಲಿ ನಡೆಯುತ್ತದಾ? ನಾಳೆ ಯಾರಾದರೂ ಮದುವೆಯೇ ಆಗಿಲ್ಲ ಎಂದರೆ?"

ಅವರ ಆತಂಕ ಸಕಾರಣವಾದುದು. ಅಮೆರಿಕದಲ್ಲಿ ಮದುವೆಯ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷ ತುಂಬಿದ, ಯಾವುದೇ ಪಂಥದ ಧರ್ಮಗುರು ಮದುವೆ ನಡೆಸಬಹುದು. ಆದರೆ ವರ್ಜೀನಿಯಾದ ಶ್ರೇಷ್ಠ ನ್ಯಾಯಾಲಯ 1974ರಲ್ಲಿ ಈ ಚರ್ಚಿನ ಗುರುಗಳಿಗೆ ಮದುವೆ ನಡೆಸುವ ಅಧಿಕಾರ ನಿರಾಕರಿಸಿತು. 1989ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವೊಂದು ಇಂತಹ ಮದುವೆಯೊಂದನ್ನು ಅಸಿಂಧು ಎಂದಿತು. ಟೆನೆಸ್ಸಿ ರಾಜ್ಯ 2019ರಲ್ಲಿ ಆನ್‌ಲೈನ್ ದೀಕ್ಷೆ ಪಡೆದವರು ಮದುವೆ ನಡೆಸದಂತೆ ಕಾನೂನು ತಂದಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಇನ್ನೊಂದೆಡೆ ನ್ಯೂಯಾರ್ಕ್ 2023ರಿಂದ, ಬಂಧುಮಿತ್ರರು ಒಂದು ದಿನದ ಮಟ್ಟಿಗೆ ಪರವಾನಿಗೆ ಪಡೆದು ಮದುವೆ ನಡೆಸುವ ಅವಕಾಶ ಕಲ್ಪಿಸಿದೆ.

ನಮ್ಮ ದೇಶದ ರೀತಿಯೇ ಬೇರೆ. 1955ರ ಹಿಂದೂ ವಿವಾಹ ಕಾಯಿದೆ ನೋಡುವುದು ಪುರೋಹಿತರ ಸರ್ಟಿಫಿಕೇಟನ್ನಲ್ಲ, ಸಪ್ತಪದಿಯಂತಹ ಸಂಪ್ರದಾಯಬದ್ಧ ವಿಧಿ ನಡೆದಿದೆಯೇ ಎಂಬುದನ್ನು. ವಿಧಿಯೇ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಅದು ಹಿಂದೂ ವಿವಾಹವಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಕ್ರೈಸ್ತ ವಿವಾಹಕ್ಕೆ 1872ರ ಕಾಯಿದೆ ಅಧಿಕಾರವುಳ್ಳವರು ಯಾರೆಂದು ಹೇಳುತ್ತದೆ. ಅಂತರ್ಧರ್ಮೀಯ ಜೋಡಿಗೆ 1954ರ ವಿಶೇಷ ವಿವಾಹ ಕಾಯಿದೆಯಡಿ 30 ದಿನಗಳ ನೋಟೀಸು, ವಿವಾಹಾಧಿಕಾರಿ ಹಾಗೂ ಮೂವರು ಸಾಕ್ಷಿಗಳು ಬೇಕು. ಅಮೆರಿಕದ ಆನ್‌ಲೈನ್ ಪತ್ರ ಹಿಡಿದು ಇಲ್ಲಿ ಮದುವೆ ಮಾಡಿಸಲು ಹೊರಡುವಂತಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಗೊತ್ತು, ಸಹಿ ಎಷ್ಟು ಚಂದವಿದ್ದರೂ ಸಹಿ ಮಾಡುವ ಅಧಿಕಾರ ಇಲ್ಲದಿದ್ದರೆ ಚೆಕ್ಕು ಪಾಸಾಗದು. ಮದುವೆಯ ದಿನ ಯಾರೂ ಕಾಗದ ಕೇಳುವುದಿಲ್ಲ. ವೀಸಾ, ಆಸ್ತಿ, ವಿಮೆ, ವಿಚ್ಛೇದನದ ಪ್ರಶ್ನೆ ಎದ್ದಾಗ ಎಲ್ಲರೂ ಕೇಳುತ್ತಾರೆ. ಆದುದರಿಂದ ಮಕ್ಕಳ ಮದುವೆ ಅಲ್ಲಿ ನಿಶ್ಚಯವಾದರೆ, ಮಂಟಪಕ್ಕಿಂತ ಮೊದಲು ಆ ಊರಿನ ಕೌಂಟಿ ಕಚೇರಿಯಲ್ಲಿ ವಿಚಾರಿಸುವಂತೆ ಹೇಳಿರಿ. ಲೈಸೆನ್ಸ್ ಪಡೆಯದೆ ಮುಹೂರ್ತ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಆ ಲೈಸೆನ್ಸಿನ ಅವಧಿ 90 ದಿನ. ಮದುವೆ ನಡೆಸಿದವರು ಸಹಿ ಮಾಡಿ 10 ದಿನಗಳೊಳಗೆ ಅದನ್ನು ಹಿಂತಿರುಗಿಸಬೇಕು.

ನಮ್ಮ ಹುಡುಗ ಇದೆಲ್ಲವನ್ನೂ ಮಾಡಿದ. ಅಷ್ಟೇ ಅಲ್ಲ, ಎರಡು ವಾರ ವಧೂವರರೊಡನೆ ಕುಳಿತು ಏನು ಹೇಳಬೇಕೆಂದು ಬರೆದು ತಿದ್ದಿದ. ಹುಡುಗಿಯ ಅಜ್ಜಿಗಾಗಿ ನಾಲ್ಕು ಮಾತು ಕನ್ನಡದಲ್ಲೂ ಆಡಿದ. ದೀಕ್ಷೆ ನಿಮಿಷಗಳಲ್ಲಿ ಸಿಗಬಹುದು. ಇಬ್ಬರ ಬಾಳನ್ನು ಬೆಸೆಯುವ ಜಾಗದಲ್ಲಿ ನಿಲ್ಲುವ ಯೋಗ್ಯತೆ ಬರುವುದು ಇಂತಹ ಶ್ರದ್ಧೆಯಿಂದಲೇ.