ಬೇಟೆಗಾರನ ಕೋವಿಗೆ ಎಷ್ಟು ಗುರಿ ಸಾಕು?

ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲವೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಅಲ್ಲಿ ಆಚಾರ್ಯರು ಪರೀಕ್ಷಿಸಿದ್ದು ಬಿಲ್ಲನ್ನಲ್ಲ, ಬಿಲ್ಲು ಹಿಡಿದವನನ್ನು. ಇಂದು ರೈಫಲ್ ಕೊಳ್ಳುವವರಲ್ಲಿ ಅನೇಕರು ಇದನ್ನು ಮರೆತಂತಿದೆ. ನೂರು ಗಜ ದೂರದಲ್ಲಿ ಹೊಡೆದ ಗುಂಡುಗಳೆಲ್ಲವೂ ಒಂದು ಅಂಗುಲದ ವರ್ತುಲದೊಳಗೆ ಬೀಳಬೇಕೆಂಬುದು ಅವರ ಹಟ. ಜಿಂಕೆಯ ಬೇಟೆಗೆ ಇಷ್ಟು ನಿಖರತೆ ನಿಜವಾಗಿಯೂ ಅಗತ್ಯವೆ?

ನಮ್ಮ ದೇಶದಲ್ಲಿ ಜಿಂಕೆಗಳಿಗೆ ಕಾನೂನಿನ ರಕ್ಷಣೆಯಿದೆ. ಅವುಗಳ ಬೇಟೆ ನಿಷಿದ್ಧ. ಆದರೆ ತೋಳಗಳು ನಿರ್ನಾಮವಾಗಿರುವ ಬ್ರಿಟನ್ನಿನಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದು ಎಳೆಯ ಗಿಡಗಳನ್ನು ತಿಂದುಹಾಕುವುದರಿಂದ, ಅವುಗಳ ಸಂಖ್ಯೆಯನ್ನು ಕೋವಿಯಿಂದಲೇ ಹತೋಟಿಯಲ್ಲಿಡಬೇಕಾಗಿದೆ. ಆದ್ದರಿಂದ ನಾವು ನಮ್ಮ ಪ್ರಶ್ನೆಯನ್ನು ಅಲ್ಲಿಗೇ ಒಯ್ಯೋಣ.

ಅಲ್ಲಿನ ದೊಡ್ಡ ಕೆಂಪು ಜಿಂಕೆಯ ಎದೆಯಲ್ಲಿ, ಗುಂಡು ತಗುಲಿದರೆ ಬೇಗನೆ ಪ್ರಾಣ ಹೋಗುವ ಹೃದಯ ಶ್ವಾಸಕೋಶಗಳ ಭಾಗವನ್ನು ಸುಮಾರು 8 ಅಂಗುಲವೆಂದು ಎಣಿಸೋಣ. ನೂರು ಗಜದಲ್ಲಿ ಒಂದು ಕೋವಿ ತನ್ನ ಗುಂಡುಗಳನ್ನು 1 ಅಂಗುಲದಲ್ಲಿಯೂ ಇನ್ನೊಂದು 3 ಅಂಗುಲದಲ್ಲಿಯೂ ಚೆದರಿಸಲಿ. ನಿಂತು ಹೊಡೆಯುವವನ ಕೈಯ ನಡುಕದಿಂದಾಗುವ ಚೆದರಿಕೆ 9 ಅಂಗುಲವಿರಲಿ. ಕೋವಿಯ ದೋಷವೂ ಕೈಯ ದೋಷವೂ ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲವನ್ನು ತೆಗೆಯಬೇಕು. ಹಾಗೆ ಮಾಡಿದರೆ ಉತ್ತಮ ಕೋವಿಯಿಂದ ಒಟ್ಟು ಚೆದರಿಕೆ 9.1 ಅಂಗುಲ, ಸಾಧಾರಣ ಕೋವಿಯಿಂದ 9.5. ಎರಡೂ ಎಂಟನ್ನು ಮೀರಿದುವು! ಮೂರು ಪಟ್ಟು ನಿಖರವಾದ ಕೋವಿಯನ್ನು ತಂದರೂ ದೊರೆತ ಲಾಭ ಅರ್ಧ ಅಂಗುಲವೂ ಇಲ್ಲ.

ಅದೇ ಮನುಷ್ಯನು ನೆಲದಲ್ಲಿ ಮಲಗಿ, ಕೋವಿಗೆ ಆಸರೆ ಕೊಟ್ಟು, ಕೈಯ ದೋಷವನ್ನು 4 ಅಂಗುಲಕ್ಕೆ ಇಳಿಸಿದನೆನ್ನೋಣ. ಆಗ ಸಾಧಾರಣ ಕೋವಿಯಿಂದಲೂ ಒಟ್ಟು ಚೆದರಿಕೆ ಕೇವಲ 5 ಅಂಗುಲ. ಆದರೆ ದೂರ ಇನ್ನೂರು ಗಜವಾದರೆ ಇದು ಹತ್ತಾಗುವುದು. ಉತ್ತಮ ಕೋವಿಯಿಂದಲೂ ಎಂಟನ್ನು ತುಸು ಮೀರುವುದು. ಆಗ ಬುದ್ಧಿವಂತನು ಮಾಡಬೇಕಾದುದು ಹೊಸ ಕೋವಿಯನ್ನು ಕೊಳ್ಳುವುದಲ್ಲ, ಇನ್ನಷ್ಟು ಹತ್ತಿರ ನುಸುಳುವುದು.

ಬ್ರಿಟನ್ನಿನ ಬೇಟೆಗಾರರ ಮೊದಲ ಹಂತದ ಅರ್ಹತಾಪತ್ರದ ಪರೀಕ್ಷೆಯೂ ಇದನ್ನೇ ಬೋಧಿಸುತ್ತದೆ. ನೂರು ಮೀಟರಿನಲ್ಲಿ ಮೂರು ಗುಂಡುಗಳು 4 ಅಂಗುಲದ ವರ್ತುಲದೊಳಗೆ ಬಿದ್ದರೆ ಸಾಕು. ಒಂದು ಅಂಗುಲವನ್ನು ಯಾರೂ ಕೇಳುವುದಿಲ್ಲ. ಅನಂತರ ಜಿಂಕೆಯ ಚಿತ್ರಕ್ಕೆ ನೂರು ಮೀಟರಿನಿಂದ ಮಲಗಿ, ಎಪ್ಪತ್ತರಿಂದ ಕುಳಿತು ಅಥವಾ ಮಂಡಿಯೂರಿ, ನಲವತ್ತರಿಂದ ನಿಂತು ಹೊಡೆಯಬೇಕು. ಭಂಗಿಯ ಸ್ಥಿರತೆ ಕಡಮೆಯಾದಂತೆ ದೂರವನ್ನೂ ಕಡಮೆ ಮಾಡಿರುವುದನ್ನು ಗಮನಿಸಬೇಕು.

ಹಲಗೆಗೆ ಹೊಡೆದ ಗುಂಡು ತಪ್ಪಿದರೆ ಒಂದು ಅಂಕ ಹೋಗುವುದು. ಜಿಂಕೆಗೆ ಹೊಡೆದ ಗುಂಡು ತುಸು ಹಿಂದೆ ಸರಿದು ಹೊಟ್ಟೆಗೆ ತಗುಲಿದರೆ, ಆ ಮೂಕಪ್ರಾಣಿಯು ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯಬೇಕಾದೀತು. ಆದುದರಿಂದ ನೂರು ಗಜಕ್ಕೆ ಎರಡು ಮೂರು ಅಂಗುಲದ ಕೋವಿ ಬೇಟೆಗೆ ಸಾಕೆಂಬುದೇ ನಮ್ಮ ಉತ್ತರ. ತನ್ನ ಕೈಯ ಮಿತಿಯನ್ನು ಅರಿತು, ಅದಕ್ಕೆ ಮೀರಿದ ಗುರಿ ಎದುರಾದಾಗ ಕೋವಿಯನ್ನು ಕೆಳಗಿಳಿಸುವ ಸಂಯಮ ಮಾತ್ರ ಯಾವ ಅಂಗಡಿಯಲ್ಲಿಯೂ ದೊರೆಯದು.