ಬ್ಯಾಂಡು ಒಡೆಯಿತು, ಗುಡುಗುಡಿ ಹೊತ್ತಿತು

ಎಂ.ಎಸ್ಸಿ. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ. ಬೆಲ್ಜಿಯಂವರೆಗೆ ಕರೆದೊಯ್ದ ನೌಕರಿ. ಇಂಥ ಹುಡುಗ ಎಲ್ಲಾ ಬಿಟ್ಟು, ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡ್ತೀನಿ ಅಂದರೆ ಹೆತ್ತವರ ಪಾಡೇನು? ಮೈಸೂರಿನ ರಘು ದೀಕ್ಷಿತ್ ಮಾಡಿದ್ದು ಅದನ್ನೇ.

ಗೆಜ್ಜೆ ಅವರಿಗೆ ಹೊಸದಲ್ಲ, ಭರತನಾಟ್ಯ ಕಲಿತವರು. ಗಿಟಾರ್ ಮಾತ್ರ ಬಂದದ್ದು ಪಂಥದಿಂದ. ಗಂಡಸಾಗಿ ಇದೆಂಥಾ ಕುಣಿತ ಅಂತ ಕಾಲೇಜಿನಲ್ಲಿ ಒಬ್ಬ ಕೆಣಕಿದ. ಎರಡೇ ತಿಂಗಳಲ್ಲಿ ಗಿಟಾರ್ ನುಡಿಸಿ ತೋರಿಸ್ತೀನಿ ಅಂತ ಇವರು ಹಟ ಹಿಡಿದರು.

1990ರ ದಶಕದ ಕೊನೆಗೆ ಕಟ್ಟಿದ ಬ್ಯಾಂಡು 'ಅಂತರಾಗ್ನಿ'. ಬ್ಯಾಂಡು ಅಂದರೆ ಮದುವೆ ಮೆರವಣಿಗೆಯದಲ್ಲ. ಗಿಟಾರು, ಪಿಟೀಲು, ಡ್ರಮ್ಮು ಸೇರಿದ್ದು. ಕೆಲವು ವರ್ಷ ನಡೆಯಿತು, ಆಮೇಲೆ ಒಡೆಯಿತು. ಉಳಿದವರು ಹಾಡುಗಾರರೊಬ್ಬರೇ. 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಅಂತ ಹೊಸ ಬೋರ್ಡು ಬಿತ್ತು. ಈ ವ್ಯವಹಾರ ಅಂಗಡಿಯವರಿಗೆ ಬೇಗ ತಿಳಿಯುತ್ತೆ: ಯಜಮಾನ ಒಬ್ಬನೇ, ಜೊತೆಗೆ ನುಡಿಸೋರು ಬರ್ತಾರೆ, ಹೋಗ್ತಾರೆ. ಪಾಲುದಾರರ ಜಗಳಕ್ಕೆ ಜಾಗವಿಲ್ಲ. ನಷ್ಟ ಬಂದರೆ ಹೊರೋದೂ ಒಬ್ಬನೇ.

ಸರಕು ಯಾವುದು? ಶಿಶುನಾಳ ಷರೀಫರ ಪದ! ಸಿ. ಅಶ್ವಥ್ ಮನೆಮನೆಗೆ ಮುಟ್ಟಿಸಿದ್ದ ತತ್ವಪದಗಳನ್ನೇ ರಘು ಎತ್ತಿಕೊಂಡರು. ಗುಡುಗುಡಿಯ ಪದಕ್ಕೆ ರಾಕ್, ಫಂಕ್ ಸೇರಿಸಿದರು. ಫಂಕ್ ಅನ್ನೋದು 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಮುಂತಾದ ಅಮೆರಿಕದ ಕಪ್ಪು ಕಲಾವಿದರು ಬೆಳೆಸಿದ್ದು. ರಾಗಕ್ಕಿಂತ ತಾಳ ದೊಡ್ಡದು, ಮೊದಲ ಏಟಿಗೇ ಒತ್ತು, ಬೇಸ್ ಗಿಟಾರ್ ಎದೆಗೆ ಗುದ್ದಬೇಕು. ಡೊಳ್ಳು ಕೇಳಿದ ಕಿವಿಗೆ ಅದೇನು ಪರದೇಶಿಯಲ್ಲ ಬಿಡಿ.

ಆಡಿಯೋ ಕಂಪನಿಗಳಿಗೆ ಮಾತ್ರ ಇದು ಹಿಡಿಸಲಿಲ್ಲ. ಸಿನಿಮಾ ಹಾಡಿಗಷ್ಟೇ ಗಿರಾಕಿ ಇದ್ದ ಕಾಲ. ವರ್ಷಗಟ್ಟಲೆ ಬಾಗಿಲು ಬಡಿದದ್ದೇ ಬಂತು. ಕೊನೆಗೆ ಕೈ ಹಿಡಿದವರು ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್. 2008ರಲ್ಲಿ ಅವರದೇ ಸಂಸ್ಥೆಯಿಂದ ಆಲ್ಬಂ ಬಂತು. ಹೆಸರು? 'ಅಂತರಾಗ್ನಿ'. ಒಡೆದ ಬ್ಯಾಂಡಿನದೇ!

ಅದೇ ವರ್ಷ 'ಸೈಕೋ' ಚಿತ್ರಕ್ಕೆ ಸಂಗೀತ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ. 2011ರಲ್ಲಿ ಲಂಡನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ 'ಹೊಸಬ' ಅಂತ ಪ್ರಶಸ್ತಿ ಕೊಟ್ಟಿತು. ಹತ್ತು ವರ್ಷಕ್ಕೂ ಮಿಕ್ಕಿ ಹಾಡಿದವರು ಹೊಸಬರಂತೆ!

ತಮ್ಮ ವಾಸು ದೀಕ್ಷಿತ್ 'ಸ್ವರಾತ್ಮ' ಬ್ಯಾಂಡಿನ ಹಾಡುಗಾರ. ಅವರೂ ಮುಂದೆ 'ವಾಸು ದೀಕ್ಷಿತ್ ಕಲೆಕ್ಟಿವ್' ಅಂತ ತಮ್ಮದೇ ಬೋರ್ಡು ಹಾಕಿದರು. ಒಂದೇ ಮನೆ, ಎರಡು ಅಂಗಡಿ.