ಹೊಲಕ್ಕೆ ಕೇಳಿಸಿದ ಫೈನಲ್

ನಮ್ಮ ಮನೆಯಲ್ಲಿ ಅಪ್ಪ-ಮಗ ನಾಲ್ಕು ತಿಂಗಳು ಮಾತು ಬಿಟ್ಟಿದ್ದರು. ಒಂದೇ ಸೂರು, ಒಂದೇ ಒಲೆ, ಒಂದೇ ರೊಟ್ಟಿ ಬುಟ್ಟಿ. ಮಾತು ಮಾತ್ರ ನನ್ನ ಮೂಲಕ ಹಾಯ್ದು ಹೋಗಬೇಕು.

“ಎತ್ತಿಗೆ ಹಿಂಡಿ ತೀರೇತಿ, ಅವಗ ಹೇಳವಾ” ಅಂತ ಮಾವ ನನಗೆ ಹೇಳೋರು. ಮಗ ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಊಟ ಮಾಡ್ತಿರ್ತಿದ್ರು. “ಸಂತ್ಯಾಗ ತರ್ತೇನಿ ಅಂತ ಅಪ್ಪಗ ಹೇಳ” ಅಂತ ಅವರೂ ನನಗೇ ಹೇಳೋರು. ಇಬ್ಬರಿಗೂ ಎರಡೂ ಕಿವಿ ಚೆನ್ನಾಗಿ ಕೇಳ್ತಿದ್ದವು. ಆದರೂ ನಡುವೆ ನಾನು ಬೇಕಿತ್ತು.

ಜಗಳಕ್ಕೆ ಕಾರಣ ಬೋರು. ಅಥಣಿ ಸೀಮೆಯ ನಮ್ಮ ಅನಂತಪುರದ ಕಡೆ ನೀರಿನ ಕಥೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ದಕ್ಷಿಣಕ್ಕೆ ಕೃಷ್ಣಾ ನದಿ ಹರಿಯುತ್ತದೆ, ನಮ್ಮ ಹೊಲ ಮಾತ್ರ ಬಾವಿಯ ತಳ ನೋಡಿಕೊಂಡು ಬದುಕುತ್ತದೆ. “ಇರೂ ಬಾವಿ ನೀರಿಗೆ ಜೋಳ, ಗೋಂಜಾಳ ಮಾಡೂಣು, ಸಾಲ ಬ್ಯಾಡ” ಅಂತ ಮಾವ. “ಕಬ್ಬು ಹಚ್ಚದಿದ್ರ ರೊಕ್ಕ ಎಲ್ಲಿಂದ ಬರ್ತಾವು?” ಅಂತ ಮಗ. ಕಡೆಗೆ ಮಗನೇ ಸಾಲ ಮಾಡಿ ಬೋರು ಹೊಡೆಸಿದರು. 600 ಅಡಿ ಹೋದರೂ ಬರೀ ಧೂಳು. ಬೋರಿನ ಗಾಡಿ ಹೊರಟು ಹೋದ ಮೇಲೆ ಮಾವ ಒಂದೇ ಮಾತು ಅಂದರು, “ನಾ ಹೇಳಿದ್ದೆ.” ಅದೇ ಕೊನೆ. ಸೋತವನ ಎದುರು ಅನ್ನಬಾರದ ಮಾತು ಅದು. ಅವತ್ತಿಂದ ಇಬ್ಬರ ನಡುವೆ ನಾನು ಟಪಾಲು.

ಆ ನಾಲ್ಕು ತಿಂಗಳಲ್ಲಿ ಇಬ್ಬರೂ ಒಂದೇ ಕಡೆ ಕೂತಿದ್ದು ಟೀವಿ ಮುಂದೆ, ಅದೂ ಕಬಡ್ಡಿ ಇದ್ದಾಗ. ಮಾವ ಹರೆಯದಲ್ಲಿ ಜಾತ್ರೆ-ಜಾತ್ರೆ ತಿರುಗಿ ಆಡಿದವರು. ಆಗ ಮ್ಯಾಟ್ ಎಲ್ಲಿಂದ ಬರಬೇಕು? ಮಣ್ಣು ಅಗೆದು, ನೀರು ಚಿಮುಕಿಸಿ, ಸುಣ್ಣದ ಗೆರೆ ಹಾಕಿದರೆ ಅದೇ ಅಂಗಣ. ಗಡಿಯಾಚೆ ಹಳೇ ಮಂದಿ ಈ ಆಟಕ್ಕೆ ಹುತುತು ಅಂತಿದ್ದರಂತೆ. ಮಾವನ ಬಲ ಮೊಣಕಾಲು ಇಂದಿಗೂ ಸರಿಯಾಗಿ ಮಡಚುವುದಿಲ್ಲ. “ಒಂದ ಬೆಳ್ಳಿ ಕಪ್ಪಿಗೆ ಒಂದ ಮೊಣಕಾಲ ಕೊಟ್ಟೇನಿ” ಅಂತ ನಗ್ತಾರೆ. ನಮ್ಮನೆಯವರೂ ಹೈಸ್ಕೂಲಿನಲ್ಲಿ ಮೂಲೆ ಕಾಯುತ್ತಿದ್ದವರು.

2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ನಮ್ಮ ಮನೆ ಬೆಂಗಳೂರು ಬುಲ್ಸ್ ಮನೆ. ನನ್ನ ತವರು ಗಡಿಯಾಚೆ, ಜತ್ತ ತಾಲ್ಲೂಕಿನಲ್ಲಿ. ಮನೆಮಾತು ಕನ್ನಡ, ಆದರೆ ನಮ್ಮಣ್ಣ ಯು ಮುಂಬಾ ಭಕ್ತ. 2015ರ ಫೈನಲ್‌ನಲ್ಲಿ ಯು ಮುಂಬಾ 36-30ರಿಂದ ಬುಲ್ಸ್ ತಂಡವನ್ನು ಸೋಲಿಸಿದಾಗ ಅವನು ಆ ರಾತ್ರಿಯೇ ಫೋನ್ ಮಾಡಿ, “ತಂಗೀ, ಭಾವಗೆ ಊಟ ಸೇರತೈತಿಲ್ಲೋ ನೋಡ” ಅಂತ ಕಾಡಿಸಿದ್ದ. ಆ ಮಾತನ್ನು ಮಾವ ಮೂರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಆರನೇ ಸೀಸನ್ ಬರುವ ಹೊತ್ತಿಗೆ ಕಬಡ್ಡಿ ಮಂದಿಗೆಲ್ಲ ಒಂದು ಗಾಯ ಆಗಿತ್ತು. 2018ರ ಆಗಸ್ಟ್‌ನಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಗಂಡಸರ ತಂಡ ಸೆಮಿಫೈನಲ್‌ನಲ್ಲೇ ಇರಾನ್‌ಗೆ ಸೋತಿತು. 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಸೇರಿದಾಗಿನಿಂದ ಪ್ರತಿ ಸಲ ಚಿನ್ನ ತಂದವರು ಮೊದಲ ಸಲ ಕಂಚಿಗೆ ಇಳಿದರು. ಹೆಂಗಸರ ತಂಡವೂ ಫೈನಲ್‌ನಲ್ಲಿ ಇರಾನ್‌ಗೇ ಸೋತು ಬೆಳ್ಳಿ ತಂದಿತು. ಮಾವ ಅವತ್ತು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದಿದ್ದರು.

ಬುಲ್ಸ್‌ಗೆ ಆ ವರ್ಷ ಬೆಂಗಳೂರಿನಲ್ಲಿ ಆಡುವ ಭಾಗ್ಯವೂ ಇರಲಿಲ್ಲ. ತವರಿನ ಪಂದ್ಯಗಳನ್ನು ಪುಣೆಯಲ್ಲಿ ಆಡಿದರು. “ನೋಡವಾ, ನಿನ್ನಂಗ. ಮನಿ ಕರ್ನಾಟಕದಾಗ, ತವರು ಮಹಾರಾಷ್ಟ್ರದಾಗ” ಅಂತ ಮಾವ ನನ್ನ ಕಾಲೆಳೆದರು. ಆ ತಂಡದಲ್ಲಿ ಪವನ್ ಸೆಹ್ರಾವತ್ ಅನ್ನೋ ಹುಡುಗ. ದೆಹಲಿ ಕಡೆಯವನು. ಹಿಂದೆ ಬುಲ್ಸ್‌ನಲ್ಲೇ ಆಡಿ, ಐದನೇ ಸೀಸನ್‌ಗೆ ಗುಜರಾತ್ ತಂಡಕ್ಕೆ ಹೋಗಿ, ಅಲ್ಲಿ ಅಷ್ಟಾಗಿ ಹೆಸರು ಮಾಡದೆ ಮತ್ತೆ ನಮ್ಮಲ್ಲಿಗೆ ಬಂದವನು. ಬಂದವನೇ ಜಿಂಕೆಯ ಹಾಗೆ ಹಾರತೊಡಗಿದ. ಹಿಡಿಯಲು ಬಂದವರ ಬೆನ್ನ ಮೇಲಿಂದ ಜಿಗಿದು ಗೆರೆ ಮುಟ್ಟುತ್ತಿದ್ದ. ನಮ್ಮ ಮಗಳು ಹಾಸಿಗೆಯಿಂದ ಹಾಸಿಗೆಗೆ ಜಿಗಿದು “ಮುತ್ಯಾ, ನಾ ಪವನ್” ಅಂತ ಕಿರುಚೋಳು.

ಡಿಸೆಂಬರ್ 31ಕ್ಕೆ ಕೊಚ್ಚಿಯಲ್ಲಿ ಮೊದಲ ಕ್ವಾಲಿಫೈಯರ್. ಬುಲ್ಸ್ 41-29ರಿಂದ ಗುಜರಾತ್ ಫಾರ್ಚೂನ್‌ಜೈಂಟ್ಸ್ ತಂಡವನ್ನು ಸೋಲಿಸಿ ನೇರ ಫೈನಲ್‌ಗೆ ಬಂತು. ಗುಜರಾತ್ ಇನ್ನೊಂದು ಪಂದ್ಯ ಗೆದ್ದು ಮತ್ತೆ ಎದುರಾಯಿತು. ಒಮ್ಮೆ ಅಷ್ಟು ಅಂತರದಲ್ಲಿ ಸೋಲಿಸಿದವರು ತಾನೇ, ಕಪ್ ನಮ್ಮದೇ ಅಂದುಕೊಂಡೆವು.

2019ರ ಜನವರಿ 5, ಶನಿವಾರ. ರಾತ್ರಿ 8ಕ್ಕೆ ಮುಂಬೈನಲ್ಲಿ ಫೈನಲ್. 2015ರಲ್ಲಿ ಸೋತ ಅದೇ ವರ್ಳಿಯ ಅಂಗಣ. ಸಂಜೆಗೇ ಅಡುಗೆ ಮುಗಿಸಿದ್ದೆ. ಅಷ್ಟರಲ್ಲಿ ನಮ್ಮನೆಯವರು ತಲೆಗೆ ಟವೆಲ್ ಸುತ್ತಿಕೊಂಡು ಸಲಿಕೆ ಹಿಡಿದು ನಿಂತಿದ್ದರು. ಆ ವಾರ ಮೋಟಾರಿನ ಕರೆಂಟು ರಾತ್ರಿ ಪಾಳಿ. ಕಬ್ಬಿಗೆ ಅವತ್ತು ನೀರು ಬಿಡದಿದ್ದರೆ ಮತ್ತೆ ಪಾಳಿ ಬರುವವರೆಗೆ ಕಾಯಬೇಕು. ಬೋರು ಹೋದ ಮೇಲೆ ಆ ಕಬ್ಬು ಅನ್ನೋದು ಬರೀ ಬೆಳೆ ಆಗಿರಲಿಲ್ಲ. ಅವರ ಮರ್ಯಾದೆ ಆಗಿತ್ತು.

“ಮ್ಯಾಚ್?” ಅಂದೆ.

“ಮ್ಯಾಚ್ ನೋಡಿದ್ರ ಕಬ್ಬಿಗೆ ನೀರು ಕುಡಿಸಾವ್ರು ಯಾರ? ನೀ ನೋಡಿ ಫೋನಿನಾಗ ಹೇಳ.”

ಅವರ ಹತ್ತಿರ ಗುಂಡಿ ಒತ್ತುವ ಹಳೇ ಫೋನು. ನೀರಿನಲ್ಲಿ, ಕೆಸರಿನಲ್ಲಿ ಅದೇ ಬಾಳಿಕೆ ಬರೋದು. ಹೋದರು.

ನಾನು ಟೀವಿ ಮುಂದೆ ಫೋನು ಹಿಡಿದು ಕೂತೆ. ಮಾವ ತಮ್ಮ ಮೂಲೆಯಲ್ಲಿ, ಕಂಬಳಿ ಹೊದ್ದು. ಪಕ್ಕದ ಮನೆಯ ಕಾಕಾ, ಅವರ ಮನೆ ಹುಡುಗರು, ಬಾಗಿಲ ಹೊರಗೆ ನಿಂತು ಇಣುಕುವ ನಾಲ್ಕು ಮಂದಿ. ಶುರುವಾಗಿದ್ದೇ ತಡ, ನಮ್ಮ ಲೆಕ್ಕವೆಲ್ಲ ತಲೆಕೆಳಗಾಯಿತು. ಗುಜರಾತ್‌ನವರು ಪವನ್‌ಗಾಗಿಯೇ ಬಲೆ ಹೆಣೆದುಕೊಂಡು ಬಂದ ಹಾಗಿತ್ತು. ಅರ್ಧ ಆಟಕ್ಕೆ 16-9. ಏಳು ಅಂಕ ಹಿಂದೆ.

ಸರಿಯಾಗಿ ಆಗಲೇ ಫೋನು. “ಎಷ್ಟ?”

ಹೇಳಿದೆ. ಆ ಕಡೆ ನೀರು ಹರಿಯುವ ಸದ್ದು ಮಾತ್ರ ಕೇಳಿತು. ಆಮೇಲೆ, “ಬಂದ್ ಮಾಡ ಟೀವಿ. ನಮ್ಮ ಹಣೆಬಾರ ಇಷ್ಟ. ನಾ ಕೈ ಹಚ್ಚಿದ್ದು, ನಾ ನೋಡಿದ್ದು ಎಲ್ಲಾ ಹಿಂಗ” ಅಂದರು.

ಫೋನಿನ ಸ್ಪೀಕರ್ ಹಾಕಿತ್ತು. ಮಾತು ಕಬಡ್ಡಿಯದಲ್ಲ ಅಂತ ನನಗೆ ಗೊತ್ತಾಯಿತು. ಮಾವಗೂ ಗೊತ್ತಾಗಿರಬೇಕು. ಕಾಕಾ ಎದ್ದು ಚಪ್ಪಲಿ ಹುಡುಕತೊಡಗಿದ್ದರು. “ಮುಗೀತ ಬಿಡೋ ಇದು.”

ಮಾವ ಕಂಬಳಿ ಸರಿಸಿದರು. “ಕುಂದರೋ. ಔಟ್ ಆದಾವ ಸತ್ತಿಲ್ಲ, ಕುಂತಾನ ಅಷ್ಟ. ಅವಗ ಹೇಳವಾ, ಫೋನ್ ಇಡಬ್ಯಾಡಂತ ಹೇಳ.”

ಕಬಡ್ಡಿ ನೋಡದವರಿಗೆ ಇಲ್ಲಿ ಒಂದು ಮಾತು. ಬೇರೆ ಎಷ್ಟೋ ಆಟಗಳಲ್ಲಿ ಔಟಾದರೆ ಆವತ್ತಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಔಟಾದವನು ಗೆರೆಯ ಹೊರಗೆ ಸಾಲಿನಲ್ಲಿ ಕೂರುತ್ತಾನೆ. ತನ್ನವರು ಎದುರಾಳಿಯಲ್ಲಿ ಒಬ್ಬನನ್ನು ಔಟ್ ಮಾಡಿದರೆ ಇವನಲ್ಲಿ ಒಬ್ಬನಿಗೆ ಜೀವ ಬರುತ್ತದೆ. ಮೊದಲು ಔಟಾದವನು ಮೊದಲು ಒಳಗೆ. ಅವನು ಎಷ್ಟೇ ದೊಡ್ಡ ಆಟಗಾರ ಇರಲಿ, ತಾನಾಗಿ ಎದ್ದು ಬರೋ ಹಾಗಿಲ್ಲ. ಇನ್ನೊಬ್ಬನು ಎಬ್ಬಿಸಬೇಕು. ಏಳೂ ಜನ ಔಟಾದರೆ ಎದುರಿನವರಿಗೆ ಎರಡು ಅಂಕ ಹೆಚ್ಚಿಗೆ, ಆದರೆ ಏಳೂ ಜನರಿಗೆ ಒಟ್ಟಿಗೆ ಜೀವ. ಅದಕ್ಕೇ ಈ ಆಟದಲ್ಲಿ ಏಳು ಅಂಕ ಅಂದರೆ ಬೆಟ್ಟವೂ ಹೌದು, ಎರಡು ನಿಮಿಷದ ಮಾತೂ ಹೌದು.

ಎರಡನೇ ಅರ್ಧ ಶುರುವಾಯಿತು. ಪವನ್ ಒಳಗೆ ಹೋದ, ಬಂದ. ಮತ್ತೆ ಹೋದ, ಬಂದ. ನಾನು ಫೋನಿಗೆ ಬಾಯಿ ಹಚ್ಚಿ, “ಹ್ವಾದ... ಮುಟ್ಟಿದ... ಬಂದ! ಒಂದ ಪಾಯಿಂಟ್!” ಅಂತ ಹೇಳುತ್ತಿದ್ದೆ. 

ಮಾವಗೆ ತಡೆಯಲಾಗಲಿಲ್ಲ. “ಯಾರನ ಮುಟ್ಟಿದ? ಮೂಲಿಯಾವನನೋ, ನಡುವಿನಾವನನೋ? ಬರೇ ಹ್ವಾದ ಬಂದ ಅಂದ್ರ ಅವಗ ಏನ ತಿಳೀತೈತಿ?”

“ನಂಗೇನ ಗೊತ್ತ ಮಾವಾರ, ಎಲ್ಲಾರೂ ಒಂದ ನಮೂನಿ ಕಾಣ್ತಾರ.”

ಫೋನಿನೊಳಗಿಂದ, “ಒಳಗ ಎಷ್ಟ ಮಂದಿ ಉಳದಾರ? ಅದನ ಹೇಳ!”

“ಮೂರ ಮಂದಿ” ಅಂದರು ಮಾವ, ನನಗಲ್ಲ, ನನ್ನ ಕೈಯಲ್ಲಿದ್ದ ಫೋನಿಗೆ. ಹೇಳಿದ ಮೇಲೆ ಅವರಿಗೇ ಹೊಳೆಯಿತೇನೋ, ಒಂದು ಗಳಿಗೆ ಸುಮ್ಮನಾದರು. ಆ ಕಡೆಯೂ ಸುಮ್ಮನೆ. ನನ್ನ ಎದೆ ಡವಡವ. ಟೀವಿಯಲ್ಲಿ ಮಂದಿ ಕೂಗುತ್ತಿದ್ದಾರೆ, ನಮ್ಮ ಮನೆಯಲ್ಲಿ ಯಾರೂ ಉಸಿರಾಡುತ್ತಿಲ್ಲ.

“ಮೂರ ಮಂದಿ ಇದ್ರ ಹುಷಾರಿರಬೇಕಪಾ” ಅಂತ ಹೊಲದಿಂದ ದನಿ ಬಂತು. “ಮೂವರು ಹಿಡದ್ರ ಸೂಪರ್ ಟ್ಯಾಕಲ್, ಎರಡ ಪಾಯಿಂಟ್ ಹೋಗ್ತಾವು.”

“ನನಗ ಕಲಸ್ತಿಯೇನ?” ಅಂದರು ಮಾವ. ಕೈ ಚಾಚಿ ಫೋನು ಇಸಿದುಕೊಂಡರು.

ಮುಂದಿನ ಹತ್ತು-ಹನ್ನೆರಡು ನಿಮಿಷ ನಾನು ಟೀವಿ ನೋಡಿದ್ದು ಕಡಿಮೆ, ಮಾವನನ್ನು ನೋಡಿದ್ದೇ ಹೆಚ್ಚು. ಮಡಚದ ಮೊಣಕಾಲಿನ ಮೇಲೆ ಅರ್ಧ ಎದ್ದು, ಕಂಬಳಿ ನೆಲಕ್ಕೆ ಬಿದ್ದದ್ದೂ ಗೊತ್ತಿಲ್ಲದೆ ಹೇಳುತ್ತಿದ್ದರು. “ಎಡಕ್ಕ ಹೊಂಟ... ಕಾಲ ಒಗದ... ಸಿಕ್ಕ... ಇಲ್ಲ ಇಲ್ಲ, ಹಾರಿದ ಮಗನ, ಹಾರಿದ!” ಅಂತರ ಕರಗಿತು. ಸಮ ಆಯಿತು. ಬುಲ್ಸ್ ಮುಂದೆ ಹೋಯಿತು. ಮಗಳು ಮುತ್ಯಾನ ಹೆಗಲ ಮೇಲೆ ಕೈಯಿಟ್ಟು ಕುಣಿಯುತ್ತಿದ್ದಳು. ಹೊರಟು ನಿಂತಿದ್ದ ಕಾಕಾ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಪಂದ್ಯ ಮುಗಿಸಿದರು.

38-33. ಅರ್ಧ ಆಟದಲ್ಲಿ ಒಂಬತ್ತೇ ಅಂಕ ಗಳಿಸಿದ್ದವರು ಉಳಿದರ್ಧದಲ್ಲಿ 29 ಗಳಿಸಿದ್ದರು. ಪವನ್ ಒಬ್ಬನದೇ 22. ಬೆಂಗಳೂರು ಬುಲ್ಸ್‌ಗೆ ಮೊದಲ ಕಪ್.

ಓಣಿಯಲ್ಲಿ ದೀಪಾವಳಿಗೆ ಉಳಿಸಿಟ್ಟಿದ್ದ ಪಟಾಕಿ ಸಿಡಿದವು. ಹುಡುಗರು ಒಬ್ಬರನ್ನೊಬ್ಬರು ಹೊತ್ತುಕೊಂಡು ಗುಡಿಯ ತನಕ ಓಡಿದರು. ಕಾಕಾ ಒಳಗಿಂದ ಬೆಲ್ಲ ತರಿಸಿ ಎಲ್ಲರ ಬಾಯಿಗೂ ಒಂದೊಂದು ಚೂರು ಹಾಕಿದರು. ನನ್ನ ಫೋನು ಮಾವನ ಕೈಯಲ್ಲೇ ಇತ್ತು. ಕೂಗಾಟದ ನಡುವೆ ಕತ್ತಲ ಹೊಲದಲ್ಲಿ ಒಬ್ಬರೇ ನಿಂತು “ಹೋಯ್!” ಅಂತ ಕೂಗಿದ್ದು ಫೋನಿನಲ್ಲಿ ಕೇಳಿತು.

ಆಮೇಲೆ ಮಾವ ದನಿ ತಗ್ಗಿಸಿ ಕೇಳಿದರು, “ಎಷ್ಟ ಸಾಲ ಮುಗದಾವು?”

“ಅರ್ಧ ಆಗೇತಿ.”

“ಥಂಡಿ ಭಾಳ ಐತಿ. ಕಿವಿ ಕಟಗೊಂಡಿಯೇನ?”

“ಹೂಂ ಅಪ್ಪಾ.”

ಇಷ್ಟೇ. ನಾಲ್ಕು ತಿಂಗಳ ಮೇಲೆ ಆಡಿದ ಮಾತು ಇಷ್ಟೇ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸರಿಸಿದೆ.

ಸ್ವಲ್ಪ ಹೊತ್ತಿಗೆ ನಮ್ಮಣ್ಣನ ಫೋನು. ಅವನ ಯು ಮುಂಬಾ ಎಲಿಮಿನೇಟರ್‌ನಲ್ಲೇ ಯುಪಿ ಯೋಧಾಗೆ ಸೋತು ಮನೆ ಸೇರಿತ್ತು. ಮಾವನೇ ಎತ್ತಿಕೊಂಡರು. “ಏನಪಾ, ಊಟ ಸೇರತೈತಿಲ್ಲೋ?” ಅಂದರು. ಮೂರು ವರ್ಷದ ಬಾಕಿ ಅವತ್ತು ಚುಕ್ತಾ.

ಒಂದು ಪಂದ್ಯದಿಂದ ನಮ್ಮ ಸಾಲ ತೀರಲಿಲ್ಲ. ಒಣ ಬೋರಿಗೆ ನೀರೂ ಬರಲಿಲ್ಲ. ಅಪ್ಪ-ಮಗ ಆಮೇಲೂ ಕಬ್ಬು, ಜೋಳ ಅಂತ ಕಿತ್ತಾಡಿದ್ದಾರೆ. ಆದರೆ ಎದುರೆದುರು ಕೂತು ಕಿತ್ತಾಡುತ್ತಾರೆ, ನಡುವೆ ನಾನು ಬೇಕಿಲ್ಲ. ಟೀವಿಯಲ್ಲಿ ಗೆದ್ದವರು ಯಾರೋ ದೆಹಲಿ, ಹರಿಯಾಣದ ಹುಡುಗರು, ಇದರಿಂದ ನಿಮಗೇನು ಸಿಕ್ಕಿತು ಅಂತ ಕೇಳುವವರಿದ್ದಾರೆ. ನಮಗೆ ಸಿಕ್ಕಿದ್ದು ಇದು. ಸೋತವನಿಗೆ “ನಾ ಹೇಳಿದ್ದೆ” ಅನ್ನುವ ಬದಲು “ಕುಂದರು, ಆಟ ಇನ್ನೂ ಐತಿ” ಅನ್ನಬಹುದು ಅಂತ ಮಾವಗೆ ಆ ರಾತ್ರಿ ಹೊಳೆದಿತ್ತು.

ಪವನ್ ಆಮೇಲೆ ಬೇರೆ ತಂಡಗಳಿಗೆ ಹೋದ, ಕೋಟಿಗಟ್ಟಲೆ ಬೆಲೆಗೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವನೇ ನಾಯಕನಾಗಿ, ಫೈನಲ್‌ನಲ್ಲಿ ಅದೇ ಇರಾನ್ ತಂಡವನ್ನು 33-29ರಿಂದ ಸೋಲಿಸಿ ಚಿನ್ನ ವಾಪಸ್ ತಂದ. ಅವತ್ತು ಮಾವ ರೊಟ್ಟಿ ಪೂರ್ತಿ ಉಂಡರು.

ಮತ್ತೆ ಆ ಜನವರಿಗೆ ಬರುತ್ತೇನೆ. ಮರುದಿನ ಭಾನುವಾರ, ರಾತ್ರಿ ಊಟ ಆದ ಮೇಲೆ ನಮ್ಮನೆಯವರು ಸಲಿಕೆ ತಗೊಂಡು ಹೊರಟರು. ಉಳಿದ ಅರ್ಧ ಕಬ್ಬಿಗೆ ನೀರು ಬಿಡಬೇಕಿತ್ತು. ಬಾಗಿಲಲ್ಲಿ ಮಾವ ಕಂಬಳಿ ಹೊದ್ದು ನಿಂತಿದ್ದರು, ಕೈಯಲ್ಲಿ ಬ್ಯಾಟರಿ.

“ನೀ ಎಲ್ಲಿಗಪಾ?”

“ನಡೀ. ನೀ ನೀರ ತಿರುವು, ನಾ ಬೆಳಕ ಹಿಡೀತೇನಿ.”

ಕುಂಟುವ ಕಾಲೊಂದು, ಕೆಸರು ಮೆತ್ತಿದ ಕಾಲೊಂದು, ಇಬ್ಬರೂ ಕತ್ತಲಲ್ಲಿ ಹೋದರು. ತಿರುವಿನವರೆಗೂ ಬ್ಯಾಟರಿ ಬೆಳಕು ಕಾಣಿಸುತ್ತಿತ್ತು. ಮಾತೂ ಕೇಳಿಸುತ್ತಿತ್ತು. ಆ ಮೂಲೆಯವನು ಆ ಹೊತ್ತಿಗೆ ಕಾಲು ಹಿಡಿಯಬೇಕಿತ್ತೋ, ಸೊಂಟ ಹಿಡಿಯಬೇಕಿತ್ತೋ ಅಂತ ವಾದ ನಡೆದಿತ್ತು.